ಅಗ್ಗದ ಗಣಕವೂ ಹಳೆಯ ಕಡತವೂ

ಮನೆಯ ರೇಡಿಯೋ ಹಳತಾಯಿತೆಂದು ನೀವು ಬೇರೊಂದು ಕಂಪೆನಿಯ ರೇಡಿಯೋ ತಂದಿರೆನ್ನಿ. ಬೆಂಗಳೂರು, ಧಾರವಾಡ ನಿಲಯಗಳು ಅದರಲ್ಲಿಯೂ ಹಿಂದಿನಂತೆಯೇ ಕೇಳಿಸುತ್ತವೆ. ಗಣಕಯಂತ್ರದ ವಿಷಯ ಹಾಗಲ್ಲ. ಅದರೊಳಗೆ ಎಲ್ಲ ಕೆಲಸಗಳನ್ನೂ ನಡೆಸುವ ಮೂಲವ್ಯವಸ್ಥೆಯೊಂದಿರುತ್ತದೆ. ಮೈಕ್ರೋಸಾಫ್ಟಿನ ವಿಂಡೋಸ್ ಒಂದು, ಆಪಲ್ಲಿನ ಮ್ಯಾಕ್ ಇನ್ನೊಂದು. ಒಂದಕ್ಕಾಗಿ ರಚಿಸಿದ ತಂತ್ರಾಂಶ ಮತ್ತೊಂದರಲ್ಲಿ ತಾನಾಗಿ ನಡೆಯದು.

2005ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು ‘ಮ್ಯಾಕ್ ಮಿನಿ’ ಎಂಬ ಪುಟ್ಟ ಗಣಕವನ್ನು ಪ್ರದರ್ಶಿಸಿದರು. ಆರೂವರೆ ಅಂಗುಲ ಉದ್ದ, ಅಷ್ಟೇ ಅಗಲ, ಎರಡು ಅಂಗುಲ ಎತ್ತರ. ಎಲೆ ಅಡಿಕೆಯ ಡಬ್ಬಿಯಷ್ಟು ಎನ್ನಬಹುದು. ಬೆಲೆ 499 ಡಾಲರ್. ಆವರೆಗಿನ ಮ್ಯಾಕ್‌ಗಳಲ್ಲೆಲ್ಲ ಕಡಿಮೆ. ಆದರೆ ತೆರೆ, ಕೀಲಿಮಣೆ, ಮೌಸ್ ಯಾವುದೂ ಅದರೊಡನೆ ಬರುತ್ತಿರಲಿಲ್ಲ. ಇದು ಜಿಪುಣತನವಲ್ಲ, ಉಪಾಯ. ವಿಂಡೋಸ್ ಬಳಸುವವರ ಮನೆಯಲ್ಲಿ ಇವು ಮೂರೂ ಆಗಲೇ ಇರುತ್ತವೆ, ಪೆಟ್ಟಿಗೆಯೊಂದನ್ನು ಬದಲಿಸಿದರಾಯಿತು!

ಅದನ್ನು ಕೊಂಡ ಕನ್ನಡಿಗನ ಪಾಡೇನು? 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ‘ತುಂಗಾ’ ಎಂಬ ಕನ್ನಡ ಫಾಂಟ್ ಇತ್ತು. ಮ್ಯಾಕಿನೊಳಗೆ ಕನ್ನಡದ ಫಾಂಟುಗಳು ಸೇರಿ ಬಂದುದು 2011ರಲ್ಲಿ.

ಈಗ ಆ ಕೊರತೆಯಿಲ್ಲ. ಆಸೆ ಮಾತ್ರ ಮರಳಿ ಬಂದಿದೆ. 2024ರ ಮ್ಯಾಕ್ ಮಿನಿಗೆ ಅಮೆರಿಕದಲ್ಲಿ 599 ಡಾಲರಿನಿಂದ ಬೆಲೆ ಕಟ್ಟಿದರು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಅನೇಕ ಯಂತ್ರಗಳನ್ನು ಒಪ್ಪದು. ಹೇಗೂ ಹೊಸದು ಕೊಳ್ಳಬೇಕಲ್ಲ, ಆಚೆಯದನ್ನೇ ಕೊಳ್ಳೋಣ ಎನಿಸುವುದು ಸಹಜ. (ಲಿನಕ್ಸ್ ಎಂಬುದನ್ನು ಹಳೆಯ ಪೆಟ್ಟಿಗೆಯಲ್ಲಿಯೇ ಬಿಟ್ಟಿಯಾಗಿ ಹಾಕಿಕೊಳ್ಳಬಹುದೆಂಬುದೂ ನೆನಪಿರಲಿ.)

ಆದರೆ ನೀವು ಇದುವರೆಗೆ ಬರೆದಿಟ್ಟುದರ ಗತಿಯೇನು? ನನ್ನ ಬಳಿ ವರ್ಷಗಟ್ಟಲೆಯ ಪ್ರಶ್ನಪತ್ರಿಕೆಗಳು, ವ್ಯಾಕರಣದ ಟಿಪ್ಪಣಿಗಳು ‘ನುಡಿ’ಯ ಹಳೆಯ ಫಾಂಟಿನಲ್ಲಿವೆ. ಹಿಂದಿನ ‘ನುಡಿ’, ‘ಬರಹ’ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಅಂದಿನ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ವೇಷ ಕಳಚಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್ ಎಂಬ ಕ್ರಮದಲ್ಲಿಯಾದರೋ ಕನ್ನಡದ ಅಕ್ಷರಗಳಿಗೆ 1991ರಿಂದ ತಮ್ಮವೇ ಸಂಖ್ಯೆಗಳಿವೆ. ವಿಂಡೋಸ್ ಆಗಲಿ ಮ್ಯಾಕ್ ಆಗಲಿ, ‘ಕ’ ಎಂದರೆ ‘ಕ’ವೇ.

ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಒಂದು ಎಚ್ಚರ ಬೇಕು. ‘ಧರ್ಮ’ ಎಂಬ ಶಬ್ದವನ್ನು ಹಳೆಯ ಕ್ರಮದಲ್ಲಿ ಕಣ್ಣಿಗೆ ಕಾಣುವಂತೆ ಧ, ಮ, ಕೊನೆಗೆ ಅರ್ಕಾವತ್ತು ಎಂದು ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು, ಮಕಾರ ಆಮೇಲೆ. ಈ ಅದಲುಬದಲಿನಲ್ಲಿ ತಂತ್ರಾಂಶ ಎಡವಬಹುದು. ಆದುದರಿಂದ ಪರಿವರ್ತನೆಯಾದ ಪುಟಗಳನ್ನು, ಅರ್ಕಾವತ್ತು ಇರುವೆಡೆಯಲ್ಲಾದರೂ, ಒಮ್ಮೆ ಓದಿನೋಡಿ. ಅದು ಮುಗಿಯುವತನಕ ಹಳೆಯ ಗಣಕವನ್ನು ಮಾರಬೇಡಿ.