ದಾರಿ ದೂರವಿದೆ, ಚಾಲಕನೂ ನಿದ್ರಿಸಲಿ

ಆಗಸ್ಟ್ 29ರಂದು ವೇಳಾಂಗಣಿಯಲ್ಲಿ ಧ್ವಜ ಏರಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಯಾತ್ರೆಯ ಮಾತು ಆರಂಭವಾಗುತ್ತದೆ. ಸೆಪ್ಟೆಂಬರ್ 8ರ ಮಾತೆಯ ಜನನೋತ್ಸವದೊಳಗೆ ಒಮ್ಮೆ ಹೋಗಿ ಬರಬೇಕೆಂಬುದು ಅನೇಕ ಕುಟುಂಬಗಳ ಹರಕೆ. ಸಿಗುವ ರಜೆ ಕಡಿಮೆ, ಹೊರಡುವ ಬಂಧುಗಳು ಹಲವರು. ಆದ್ದರಿಂದ ವ್ಯಾನೊಂದನ್ನು ಬಾಡಿಗೆಗೆ ಪಡೆದು ರಾತ್ರಿ ಹೊರಟು, ಬೆಳಗ್ಗೆ ತಲುಪಿ, ಮರುರಾತ್ರಿಯೇ ಹಿಂತಿರುಗುವ ಪರಿಪಾಠ ಬೆಳೆದುಬಂದಿದೆ. ಒಂದು ದಿನ ಉಳಿಯಿತೆಂದು ಸಮಾಧಾನ ಪಡುತ್ತೇವೆ. ಆ ಉಳಿತಾಯದ ಬೆಲೆ ತೆರುವವರಾರು ಎಂದು ಯೋಚಿಸುವುದಿಲ್ಲ.

ನಾವೂ ಯೋಚಿಸಿರಲಿಲ್ಲ. 2016ರ ಸೆಪ್ಟೆಂಬರ್ ಮೊದಲ ವಾರ, ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹನ್ನೊಂದು ಮಂದಿ ಹೊರಟೆವು. ಸೇಲಂ, ತಿರುಚಿರಾಪಳ್ಳಿ, ತಂಜಾವೂರು ಮಾರ್ಗವಾಗಿ ಬೆಳಗ್ಗೆ ವೇಳಾಂಗಣಿ ತಲುಪಿದೆವು. ಬಲಿಪೂಜೆ, ಮೇಣದಬತ್ತಿಯ ಹರಕೆ, ಊಟ ಎಲ್ಲವೂ ಆಯಿತು. ಮಧ್ಯಾಹ್ನ ಕೋಣೆಯಲ್ಲಿ ಮಲಗಿ ಎದ್ದೆವು. ಚಾಲಕ ಎಲ್ಲಿದ್ದಾನೆಂದು ಯಾರೂ ಕೇಳಲಿಲ್ಲ. ಭಾನುವಾರ ಬಂಧುಗಳ ಮನೆಯಲ್ಲಿ ನಿಶ್ಚಿತಾರ್ಥವಿದ್ದುದರಿಂದ ಶನಿವಾರ ರಾತ್ರಿಯೇ ಮರಳಿ ಹೊರಟೆವು. ಜಪಸರ ಮುಗಿಯುವಷ್ಟರಲ್ಲಿ ವ್ಯಾನಿನಲ್ಲಿ ಬಹುತೇಕ ಎಲ್ಲರಿಗೂ ನಿದ್ರೆ.

ಸೇಲಂ ದಾಟಿದ ಮೇಲೆ, ನಸುಕಿನ ಮೂರೂವರೆಯ ಹೊತ್ತಿಗೆ, ನಮ್ಮ ಅತ್ತೆಯವರು “ತಮ್ಮಾ, ಗಾಡಿ!” ಎಂದು ಚೀರಿದ ಸದ್ದಿಗೆ ಎಚ್ಚರವಾಯಿತು. ಎಡಗಡೆಯ ಚಕ್ರಗಳು ಡಾಂಬರು ಬಿಟ್ಟು ಜಲ್ಲಿಯ ಮೇಲೆ ಓಡುತ್ತಿದ್ದವು. ಮುಂದೆ ದೀಪವಿಲ್ಲದೆ ಲಾರಿಯೊಂದು ನಿಂತಿತ್ತು. ಚಾಲಕ ಹೇಗೋ ವ್ಯಾನನ್ನು ತಿರುಗಿಸಿ ನಿಲ್ಲಿಸಿದ. ಆತನ ಕೈಗಳು ನಡುಗುತ್ತಿದ್ದವು. “ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲಮ್ಮಾ” ಎಂದ. ಚಹಾದಂಗಡಿಯಲ್ಲಿ ಕುಳಿತು ವಿಚಾರಿಸಿದಾಗ ಸತ್ಯ ತಿಳಿಯಿತು. ನಾವು ಕೋಣೆಯಲ್ಲಿ ಮಲಗಿದ್ದಾಗ ಆತ ಬಿಸಿಲಿನಲ್ಲಿ ನಿಂತ ವ್ಯಾನಿನೊಳಗೆ ಎರಡು ಗಂಟೆಯಷ್ಟೇ ಕಣ್ಣು ಮುಚ್ಚಿದ್ದ. ನಮಗಿಂತ ಮುಂಚೆ ಗುರುವಾರ ರಾತ್ರಿಯೂ ಬೇರೊಂದು ಬಾಡಿಗೆ ಮುಗಿಸಿ ಬಂದಿದ್ದ. ಹೇಳಲಿಲ್ಲವೇಕೆಂದರೆ, ಹೇಳಿದರೆ ಬಾಡಿಗೆ ಬೇರೆಯವರ ಪಾಲಾಗುತ್ತದೆ ಎಂದ. ತಪ್ಪು ಆತನದೆನ್ನಲು ನಮಗೆ ನಾಲಗೆ ಏಳಲಿಲ್ಲ.

ತೂಕಡಿಕೆ ಸೋಮಾರಿತನವಲ್ಲ, ಶರೀರದ ಧರ್ಮ. ನಿದ್ರೆ ಸಾಲದ ಮೆದುಳು ಕೆಲವು ಕ್ಷಣಗಳ ಮಟ್ಟಿಗೆ ತಾನಾಗಿಯೇ ನಿದ್ರೆಗೆ ಜಾರುತ್ತದೆ. ಜಾರಿದವನಿಗೆ ಅದರ ಅರಿವಿರುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ದೂರ ವಾಹನಕ್ಕೆ ಚಾಲಕನೇ ಇಲ್ಲ. ನಿದ್ರಿಸಿದವನು ಬ್ರೇಕನ್ನೂ ಒತ್ತಲಾರ. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದರು. ನಮ್ಮ ಕಾನೂನಿನ ಮಿತಿ ಶೇಕಡಾ 0.03 ಮಾತ್ರ. ಕುಡಿದ ಚಾಲಕನ ವಾಹನಕ್ಕೆ ಮಕ್ಕಳನ್ನು ಹತ್ತಿಸದ ನಾವು, ನಿದ್ರೆಗೆಟ್ಟ ಚಾಲಕನ ವಾಹನಕ್ಕೆ ಹತ್ತಿಸುತ್ತೇವೆ.

ಹಾಗಾದರೆ ಮಾಡಬೇಕಾದುದೇನು? ನಸುಕಿನ ಎರಡರಿಂದ ಆರು ಗಂಟೆಯವರೆಗೆ ನಿದ್ರೆಯ ಒತ್ತಡ ಅತ್ಯಧಿಕ. ಆ ವೇಳೆಯ ಪ್ರಯಾಣವನ್ನು ಬಿಡುವುದೇ ಲೇಸು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೂ, ಅದರಲ್ಲಿಯೂ ಹಬ್ಬದೂಟದ ನಂತರ, ಎಚ್ಚರ ಬೇಕು. ಹೊರಡುವ ಹಿಂದಿನ ರಾತ್ರಿ ಚಾಲಕ ಏಳೆಂಟು ಗಂಟೆ ನಿದ್ರಿಸಿರಲಿ. ಎರಡು ಗಂಟೆಗೊಮ್ಮೆ ವಾಹನ ನಿಲ್ಲಲಿ. ನೆಗಡಿಯ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ವೈದ್ಯರನ್ನು ಕೇಳಿಯೇ ಸೇವಿಸಬೇಕು. ಚಾಲಕನ ಪಕ್ಕದ ಆಸನದಲ್ಲಿ ಕುಳಿತವರು ನಿದ್ರಿಸಬಾರದು. ಮನೆಯವರು ಸರದಿಯಂತೆ ಅಲ್ಲಿ ಕುಳಿತು ಮಾತನಾಡಿಸುತ್ತಿರಬೇಕು.

ಪದೇ ಪದೇ ಆಕಳಿಕೆ, ಭಾರವಾಗುವ ರೆಪ್ಪೆ, ಈಗಷ್ಟೇ ದಾಟಿದ ಊರು ನೆನಪಾಗದಿರುವುದು, ವಾಹನ ಅತ್ತಿತ್ತ ಸರಿಯುವುದು – ಇವು ಕಂಡೊಡನೆ ನಿಲ್ಲಿಸಬೇಕು. ಕಿಟಕಿ ತೆರೆಯುವುದೂ ಹಾಡು ಜೋರು ಮಾಡುವುದೂ ಸ್ವಲ್ಪ ಹೊತ್ತಿನ ಭ್ರಮೆ ಮಾತ್ರ. ಕಾಫಿ ರಕ್ತಕ್ಕೆ ಸೇರಿ ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು. ಆದ್ದರಿಂದ ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ವಾಹನ ನಿಲ್ಲಿಸಿ, ಕಾಫಿ ಕುಡಿದು, ಒಡನೆಯೇ ಇಪ್ಪತ್ತು ನಿಮಿಷ ಮಲಗುವುದು ಒಳ್ಳೆಯದು. ಆದರೆ ಇದೂ ತಾತ್ಕಾಲಿಕ ಉಪಾಯವೇ. ಇಡೀ ರಾತ್ರಿಯ ನಿದ್ರೆಗೆ ಬದಲಿಯಲ್ಲ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಚಾಲಕನ ದುಡಿಮೆಗೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆಯ ಮಿತಿಯನ್ನೂ ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. ಬಾಡಿಗೆ ವ್ಯಾನಿನಲ್ಲಿ ಇದನ್ನು ನೋಡುವವರು ಅಪರೂಪ. ನೋಡಬೇಕಾದವರು ನಾವೇ. ಆತನಿಗೂ ಒಂದು ಹಾಸಿಗೆ, ಒಂದು ಫ್ಯಾನು, ನೆಮ್ಮದಿಯ ಊಟ ಯಾತ್ರೆಯ ಖರ್ಚಿನ ಪಟ್ಟಿಯಲ್ಲಿ ಸೇರಲಿ. ದೂರದ ಪಯಣಕ್ಕೆ ಇಬ್ಬರು ಚಾಲಕರಿರಲಿ.

ಅಂದು ನಾವು ಆ ಚಹಾದಂಗಡಿಯ ಬಳಿ ಬೆಳಕು ಹರಿಯುವವರೆಗೆ ನಿಂತೆವು. ಚಾಲಕ ಹಿಂದಿನ ಆಸನದಲ್ಲಿ ಮಲಗಿದ. ನಾವು ಹೊರಗೆ ಬೆಂಚಿನ ಮೇಲೆ ಕುಳಿತೆವು. ನಿಶ್ಚಿತಾರ್ಥ ತಪ್ಪಿತು, ಬಂಧುಗಳು ಮುನಿಸಿಕೊಂಡರು. ಹನ್ನೊಂದು ಮಂದಿಯೂ ಚಾಲಕನೂ ಮನೆ ಸೇರಿದೆವು.

ಮರುಭೂಮಿಯಲ್ಲಿ ಬಳಲಿ ಮಲಗಿದ ಎಲೀಯ ಪ್ರವಾದಿಯನ್ನು ದೇವದೂತನು ಗದರಿಸಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು; ಮುಂದಿನ ದಾರಿ ಆತನ ಶಕ್ತಿಗೆ ಮೀರಿದುದೆಂದು ಬಲ್ಲವನಾಗಿದ್ದನು. ಈ ಸಲ ಯಾತ್ರೆಗೆ ಹೊರಡುವ ಮುನ್ನ ಜಪಸರದ ಜೊತೆಗೆ ಚಾಲಕನನ್ನು ಒಂದು ಮಾತು ಕೇಳೋಣ: “ನಿನ್ನೆ ರಾತ್ರಿ ಮಲಗಿದ್ದೆಯೇನಪ್ಪಾ?”