ಬಳಸಿದ ನೀರಿಗೂ ಸಲ್ಲಬೇಕಾದ ಕಾಯಕ

ಮಡಿವಾಳ ಮಾಚಿದೇವರ ಕಾಯಕ ಬಟ್ಟೆ ಮಡಿ ಮಾಡುವುದು; ಶರಣೆ ಸತ್ಯಕ್ಕನ ಕಾಯಕ ಅಂಗಳದ ಕಸ ಗುಡಿಸುವುದು. ಕೊಳೆ ತೆಗೆಯುವ ಕೆಲಸವನ್ನು 12ನೆಯ ಶತಮಾನದ ಶರಣರು ಕೀಳೆಂದು ಎಣಿಸಲಿಲ್ಲ. ಆದರೆ ನಮ್ಮ ಬಚ್ಚಲಿನಿಂದ ಹೊರಬಿದ್ದ ನೀರು ಎಲ್ಲಿಗೆ ಹೋಯಿತೆಂದು ವಿಚಾರಿಸುವವರು ಇಂದು ವಿರಳ.

ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರ ದುಡಿಮೆಯ ಊರು. ನೇಕಾರಿಕೆ ಹಾಗೂ ಕೂದಲು ಸಂಸ್ಕರಣೆಗೆ ಅದು ಹೆಸರಾಗಿದೆ. ನೂಲಿಗೆ ಬಣ್ಣ ಕಟ್ಟುವುದಕ್ಕೂ ಕೂದಲು ತೊಳೆಯುವುದಕ್ಕೂ ನೀರು ಬೇಕೇ ಬೇಕು. ಇನ್ನು ಮನೆಬಳಕೆಯ ಮಾತು: ಒಳಚರಂಡಿಯುಳ್ಳ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು, ಅದರಲ್ಲಿ ನೂರಕ್ಕೆ 80 ಪಾಲು ಕೊಳೆನೀರಾಗಿ ಹೊರಬರುವುದೆಂಬುದು ರೂಢಿಯ ಲೆಕ್ಕ. ಐದು ಜನರ ಮನೆಯಿಂದ ದಿನಕ್ಕೆ 540 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 36 ಕೊಡ. ಈ ಸೀಮೆಯ ಹಳ್ಳಗಳೆಲ್ಲ ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ನಾವು ಚೆಲ್ಲಿದ್ದು ಕೆಳಗಿನ ಊರಿನವರ ಬಿಂದಿಗೆಗೆ ಬರುತ್ತದೆ.

2019ರಲ್ಲಿ ಕೊಪ್ಪಳದ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು ಹಿರೇಹಳ್ಳದ ಪುನಶ್ಚೇತನಕ್ಕೆ ಮುಂದಾದರು. ತಾವೇ ಹಳ್ಳಕ್ಕಿಳಿದು ಕಸ ತೆಗೆದರು. ಭಕ್ತರು, ರೈತರು ಜೊತೆಗೂಡಿದರು. 20 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹೂಳು, ಮುಳ್ಳುಕಂಟಿ ತೆಗೆಯಲಾಯಿತು. ಅದು ಮಹಾದಾಸೋಹವೇ ಸರಿ. ಆದರೆ ಒಮ್ಮೆ ತೊಳೆದ ಹಳ್ಳಕ್ಕೆ ನಿತ್ಯವೂ ಕೊಳೆನೀರು ಹರಿದರೆ ಆ ಶ್ರಮ ಎಷ್ಟು ದಿನ ಉಳಿದೀತು?

ಕೊಳೆನೀರಿನ ಶುದ್ಧೀಕರಣ ನಿಗೂಢ ವಿದ್ಯೆಯೇನಲ್ಲ. ಮೊದಲು ಸರಳುಗಳ ಜಾಲರಿಯಲ್ಲಿ ಕಸ ತಡೆಯುತ್ತಾರೆ. ಮರಳು, ರಾಡಿ ತಳಕ್ಕಿಳಿಯಲು ಬಿಡುತ್ತಾರೆ. ಬಳಿಕ ಗಾಳಿ ಸಿಕ್ಕಾಗ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಕೊಳೆಯನ್ನು ಆಹಾರ ಮಾಡಿಕೊಳ್ಳುತ್ತವೆ. ದೊಡ್ಡ ನಗರಗಳಲ್ಲಿ ಯಂತ್ರದಿಂದ ಗಾಳಿ ಊದುತ್ತಾರೆ. ಸಣ್ಣ ಊರುಗಳಿಗೆ ಬಿಸಿಲು ಬೀಳುವ ಆಳವಿಲ್ಲದ ಹೊಂಡಗಳು, ಜೊಂಡು ಬೆಳೆಸಿದ ಜಲ್ಲಿಯ ಮಡಿಗಳು ಸಾಕಾಗಬಲ್ಲವು. ಅವುಗಳಿಗೆ ವಿದ್ಯುತ್ತಿನ ಖರ್ಚು ಕಡಿಮೆ. ನುಲಿಯ ಚಂದಯ್ಯನವರು ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದರು. ಅಂಥದೇ ನೀರಹುಲ್ಲು ಇಂದು ನೀರನ್ನು ತಿಳಿಗೊಳಿಸುವ ಕಾಯಕಕ್ಕೂ ಸಲ್ಲುತ್ತಿದೆ. ಆದರೆ ಬಣ್ಣದ ರಾಸಾಯನಿಕಗಳನ್ನು ಈ ಹೊಂಡಗಳು ಅರಗಿಸಿಕೊಳ್ಳಲಾರವು. ಅಂಥ ನೀರನ್ನು ಉದ್ಯಮದವರು ತಮ್ಮ ಅಂಗಳದಲ್ಲಿಯೇ ಮೊದಲು ಶುದ್ಧೀಕರಿಸಬೇಕು.

ಒಳಚರಂಡಿ ಇಲ್ಲದ ಊರಿಗೂ ದಾರಿಯಿದೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ 2015ರಲ್ಲಿಯೇ ಶೌಚಗುಂಡಿಗಳ ಮಲತ್ಯಾಜ್ಯವನ್ನು ಸಂಸ್ಕರಿಸಿ ಗೊಬ್ಬರಕ್ಕೆ ಅಣಿಗೊಳಿಸುವ ಘಟಕ ಆರಂಭವಾಯಿತು.

ಘಟಕ ಕಟ್ಟುವುದು ಆಡಳಿತದ ಹೊಣೆ. ಅದು ಕೆಡದಂತೆ ನಡೆಯುವುದು ಮನೆಮಂದಿಯ ಹೊಣೆ. ಕರಿದ ಎಣ್ಣೆ, ಪ್ಲಾಸ್ಟಿಕ್, ಬಟ್ಟೆಯ ಚೂರು ಚರಂಡಿಗೆ ಬೀಳಬಾರದು. ಮಾಳಿಗೆಯ ಮಳೆನೀರನ್ನು ಕೊಳೆನೀರಿಗೆ ಬೆರೆಸಬಾರದು. ಶೌಚಗುಂಡಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ಬರಿದು ಮಾಡಿಸಬೇಕು. ಅದರೊಳಗಿನ ವಿಷಗಾಳಿ ಕ್ಷಣಮಾತ್ರದಲ್ಲಿ ಜೀವ ತೆಗೆಯಬಲ್ಲುದು. ಮಲ ಹೊರುವ ಪದ್ಧತಿಯನ್ನು, ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗಿಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಕಾಯಕದಲ್ಲಿ ಮೇಲುಕೀಳಿಲ್ಲವೆನ್ನುವ ನಾವು, ಇನ್ನೊಬ್ಬನ ಪ್ರಾಣವನ್ನು ನಮ್ಮ ಗುಂಡಿಗೆ ಒಡ್ಡುವುದು ಯಾವ ಧರ್ಮ?

ಪೂಜೆಗೆ ಮಡಿನೀರು ಹುಡುಕುವ ನಾವು, ಬಳಸಿದ ನೀರನ್ನೂ ಮಡಿಗೊಳಿಸಿ ಮುಂದಿನವರಿಗೆ ಒಪ್ಪಿಸೋಣ. ಅದೇ ಇಂದಿನ ದಾಸೋಹ.