ದೀಪಕ್ಕೂ ಒಂದು ವಿಳಾಸ

ಮಕ್ಕಳೇ, ಕಳೆದ ತಿಂಗಳು ನಮ್ಮ ಸಂಘದ ನಾಟಕ ಶುರುವಾಗುವಾಗ ಸಭಾಂಗಣದ ದೀಪಗಳ ಜೊತೆ ಮೆಟ್ಟಿಲ ಮೇಲಿನ ದೀಪವೂ ಆರಿತಲ್ಲ, ನೆನಪಿದೆಯೇ? ನಿಮ್ಮಲ್ಲಿ ಕೆಲವರು ಸಿಳ್ಳೆ ಹಾಕಿದಿರಿ. ಆಗ ಮೆಟ್ಟಿಲಿಳಿಯುತ್ತಿದ್ದ 80 ದಾಟಿದ ಅಜ್ಜಿಯೊಬ್ಬರು ಕಾಲು ತಪ್ಪಿ ನನ್ನ ಸೆರಗು ಹಿಡಿದುಕೊಂಡರು. ಸದ್ಯ, ಬೀಳಲಿಲ್ಲ.

ನಾನು ಇಂಗ್ಲಿಷಿನಲ್ಲಿ ಬಿ.ಎ. ಓದಿದ ಗೃಹಿಣಿ. ಫ್ಯೂಸ್ ಕಟ್ಟುವುದರಾಚೆಗೆ ಏನೂ ತಿಳಿಯದು. ಆದರೂ ಮನಸ್ಸು ತಡೆಯದೆ ಕಾರ್ಯದರ್ಶಿಗಳಿಂದ ಆ ದೀಪಗಳ ಕೈಪಿಡಿ ತಂದು ಓದಿದೆ.

ಮನೆಯಲ್ಲಿ ಯಾವ ಸ್ವಿಚ್ಚಿಗೆ ಯಾವ ದೀಪ ಎಂಬುದನ್ನು ತಂತಿಯೇ ನಿರ್ಧರಿಸುತ್ತದೆ. ಸಭಾಂಗಣದಲ್ಲಿರುವುದು ‘ಡಾಲಿ’ ಪದ್ಧತಿ (ನಟ ಧನಂಜಯ ನೆನಪಾದರೆ ತಪ್ಪು ನಿಮ್ಮದಲ್ಲ!). ಡಿಜಿಟಲ್ ಅಡ್ರೆಸಬಲ್ ಲೈಟಿಂಗ್ ಇಂಟರ್‌ಫೇಸ್ ಎಂದು ಪೂರ್ಣ ಹೆಸರು. ಐಇಸಿ 62386 ಎಂಬುದು ಅದರ ಅಂತರರಾಷ್ಟ್ರೀಯ ಮಾನಕ. ಕರೆಂಟಿನ ತಂತಿಯಲ್ಲದೆ ಇನ್ನೆರಡು ತಂತಿಗಳು ಎಲ್ಲ ದೀಪಗಳಿಗೂ ಹೋಗುತ್ತವೆ. ದೀಪದ ಜೊತೆಗಿರುವ ಡ್ರೈವರ್ ಎಂಬ ಪುಟ್ಟ ಪೆಟ್ಟಿಗೆಗೆ 0ಯಿಂದ 63ರೊಳಗೆ ಒಂದು ವಿಳಾಸ. ‘17, ಬೆಳಕು ತಗ್ಗಿಸು’ ಎಂದರೆ ಎಲ್ಲವೂ ಕೇಳಿಸಿಕೊಳ್ಳುತ್ತವೆ, 17 ಮಾತ್ರ ಪಾಲಿಸುತ್ತದೆ; ವಠಾರದಲ್ಲಿ ಪೋಸ್ಟ್‌ಮ್ಯಾನ್ ಹೆಸರು ಕೂಗಿದ ಹಾಗೆ. ದೀಪ ಕೆಟ್ಟಿದೆಯೇ ಎಂದು ವಿಚಾರಿಸಿದರೆ ಉತ್ತರವೂ ಬರುತ್ತದೆ! ವೇಗ ಸೆಕೆಂಡಿಗೆ 1200 ಬಿಟ್ ಅಷ್ಟೆ. ದೀಪಕ್ಕೆ ಅದು ಸಾಕು. ದೀಪಗಳನ್ನು 16 ಗುಂಪುಗಳವರೆಗೆ ವಿಂಗಡಿಸಬಹುದು. ಯಾವ ಗುಂಪಿಗೆ ಸೇರಿದ್ದೇನೆಂಬುದನ್ನು ಡ್ರೈವರೇ ನೆನಪಿಟ್ಟುಕೊಳ್ಳುತ್ತದೆ.

ತೊಡಕಿರುವುದು ಇಲ್ಲೇ. ವಿಳಾಸಗಳು ಮೊದಲು ಸಿಗುವಾಗ ಸಾಲಾಗಿ ಸಿಗುವುದಿಲ್ಲ. 5ರ ಪಕ್ಕದಲ್ಲಿ 41 ಇರಬಹುದು. ಆದ್ದರಿಂದ ಒಂದೊಂದನ್ನೇ ಮಿನುಗಿಸಿ, ಅದು ಎಲ್ಲಿದೆಯೆಂದು ನಕ್ಷೆಯಲ್ಲಿ ಬರೆದಿಡಬೇಕು. ನಮ್ಮಲ್ಲಿ ಆ ನಕ್ಷೆಯೇ ಇಲ್ಲ. ಮಳೆಗಾಲದಲ್ಲಿ ಮೆಟ್ಟಿಲ ದೀಪದ ಡ್ರೈವರ್ ಕೆಟ್ಟು ಹೊಸದು ಬಂತು. ಅದು ಸಭಿಕರ ದೀಪಗಳ ಗುಂಪಿಗೆ ಸೇರಿಹೋಯಿತು. ಹಾಕಿದ ಹುಡುಗನನ್ನು ಬೈದು ಏನು ಫಲ? ಅವನ ಕೈಗೆ ನಾವು ಕೊಟ್ಟಿದ್ದಾದರೂ ಏನು? ಮೆಟ್ಟಿಲ ದೀಪವನ್ನು ಮಾಮೂಲಿ ಸ್ವಿಚ್ಚಿಗೇ ಬಿಡಬೇಕಿತ್ತೆಂಬುದು ನನ್ನ ವಾದ. ಸಮಿತಿಯ ಹಿರಿಯರು ಇನ್ನೂ ಒಪ್ಪಿಲ್ಲ.

ಈ ಸಂಚಿಕೆ ನಿಮ್ಮ ಕೈಸೇರಿದ ಮೊದಲ ಭಾನುವಾರ ಬೆಳಿಗ್ಗೆ 10ಕ್ಕೆ ಸಭಾಂಗಣಕ್ಕೆ ಬನ್ನಿ. ಒಬ್ಬರು ಲ್ಯಾಪ್‌ಟಾಪಿನಲ್ಲಿ ದೀಪ ಮಿನುಗಿಸಿ, ಇನ್ನೊಬ್ಬರು ಜಾಗ ಕೂಗಿ ಹೇಳಿ. ನಾನು ನಕ್ಷೆಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯುತ್ತೇನೆ. ಕನ್ನಡ ಬರೆಯಲು ಕೈ ನಡುಗುವವರು ನನ್ನ ಪಕ್ಕ ಕೂರಿ. ಉಪ್ಪಿಟ್ಟು ನನ್ನ ಕಡೆಯಿಂದ.